ಕೇಳುವುದಕ್ಕೆ ಸಂಕೋಚವೇಕೆ?

ಪ್ರಾರ್ಥಿಸುವಾಗ ದೇವರ ಬಳಿ ಕೇಳುವುದಕ್ಕೂ ನಮಗೆ ಸಂಕೋಚ. ಸಿಕ್ಕರೆ ಸಿಗಲಿ ಎಂಬಂತೆ ಕೇಳುತ್ತೇವೆ. ಲೂಕನ ಸುವಾರ್ತೆಯ 11ನೇ ಅಧ್ಯಾಯದಲ್ಲಿ ಯೇಸುಸ್ವಾಮಿ ಹೇಳಿದ ಸಾಮ್ಯ ನೆನಪಿದೆಯೇ? ಒಬ್ಬಾತ ನಡುರಾತ್ರಿಯಲ್ಲಿ ಗೆಳೆಯನ ಮನೆಗೆ ಹೋಗಿ ಮೂರು ರೊಟ್ಟಿ ಕೇಳುತ್ತಾನೆ. (ನಮ್ಮ ಮುಂಬಯಿಯ ಚಾಳಿನಲ್ಲಾದರೆ ಇಡೀ ಮಹಡಿಯೇ ಎದ್ದು ಕೂರುತ್ತಿತ್ತು!) ಒಳಗಿದ್ದವನು ಎದ್ದು ಕೊಟ್ಟದ್ದು ಸ್ನೇಹಕ್ಕಲ್ಲ, ಇವನು ನಾಚಿಕೆ ಬಿಟ್ಟು ಕೇಳಿದ್ದಕ್ಕೆ. ಅದೂ ತನಗಲ್ಲ, ಮನೆಗೆ ಬಂದ ಅತಿಥಿಗೆ.

ಪರರಿಗಾಗಿ ಹಾಗೆ ಕೇಳಿದವರು ಪಂಡಿತಾ ರಮಾಬಾಯಿ. 1858ರಲ್ಲಿ ನಮ್ಮ ಗಂಗಾಮೂಲದಲ್ಲಿ ಹುಟ್ಟಿದವರು. 1896-97ರ ಬರಗಾಲದಲ್ಲಿ ಮಧ್ಯಪ್ರಾಂತದಿಂದ ನೂರಾರು ಹೆಣ್ಣುಮಕ್ಕಳನ್ನು ಕರೆತಂದು ಪುಣೆಯ ಹತ್ತಿರದ ಕೇಡಗಾಂವದಲ್ಲಿ ನೆಲೆ ಕೊಟ್ಟರು. ಅಷ್ಟು ಜನರ ಅನ್ನಕ್ಕೆ ಹಣ ಕೈಯಲ್ಲಿರಲಿಲ್ಲ. ಹಣ ಬಂದ ಮೇಲೆ ಹೊರಡೋಣ ಎಂದು ಅವರು ಕೂರಲಿಲ್ಲ, ಬೇಡಿಕೊಂಡರು, ಹೊರಟರು.