ಅಸೈನ್‌ಮೆಂಟ್‌ಗೆ ಎಐ: ಎಲ್ಲಿವರೆಗೆ ಸರಿ ಅಂತ ಹೇಳೋರು ಯಾರು?

ಕಡೂರು/ತರೀಕೆರೆ/ಅಜ್ಜಂಪುರ: ರಾಜ್ಯೋತ್ಸವದ ಪ್ರಬಂಧ ಸ್ಪರ್ಧೆ ಇರಲಿ, ಡಿಗ್ರಿ ಕಾಲೇಜಿನ ಅಸೈನ್‌ಮೆಂಟ್ ಇರಲಿ, ಈಗ ಎಷ್ಟೋ ಸಲ ಮೊದಲ ಸಾಲು ಹುಟ್ಟೋದೇ ಮೊಬೈಲ್‌ನಲ್ಲಿ. ಇದು ಮೇಷ್ಟ್ರಿಗೂ ಗೊತ್ತು, ಮಕ್ಕಳಿಗೂ ಗೊತ್ತು. ಇಬ್ಬರೂ ಬಾಯಿ ಬಿಡಲ್ಲ. ತಕರಾರು ಶುರುವಾಗೋದು ಇಂಟರ್ನಲ್ ಮಾರ್ಕ್ಸ್ ಹಾಕೋ ದಿನ.

ಚಾಟ್‌ಜಿಪಿಟಿ 2022ರ ನವೆಂಬರ್ 30ಕ್ಕೆ ಬಂದಾಗ ಅದು ಬೆಂಗಳೂರಿನವರ ಆಟ ಅಂತಲೇ ಈ ಕಡೆ ಎಲ್ಲರೂ ಅಂದುಕೊಂಡಿದ್ದರು. 2024ರಲ್ಲಿ ಮೆಟಾ ಎಐ ವಾಟ್ಸಾಪ್ ಒಳಗೇ ಬಂದು ಕೂತಿತು. 2025ರ ಜುಲೈನಲ್ಲಿ ಏರ್‌ಟೆಲ್ ತನ್ನ ಗ್ರಾಹಕರಿಗೆ ಪರ್‌ಪ್ಲೆಕ್ಸಿಟಿ ಪ್ರೊ ಒಂದು ವರ್ಷ ಫ್ರೀ ಅಂದಿತು. ಅಕ್ಟೋಬರ್ ಕೊನೆಗೆ ಜಿಯೋ 18 ತಿಂಗಳು ಜೆಮಿನಿ ಪ್ರೊ ಫ್ರೀ ಅಂದಿತು, ಅದೂ ಮೊದಲು 18ರಿಂದ 25 ವಯಸ್ಸಿನವರಿಗೆ. ನವೆಂಬರ್ 4ರಿಂದ ಚಾಟ್‌ಜಿಪಿಟಿ ಗೋ ಕೂಡ ಒಂದು ವರ್ಷ ಉಚಿತ ಅಂತ ಆಫರ್ ಬಂತು. 18ರಿಂದ 25 ಅಂದ್ರೆ ಡಿಗ್ರಿ ಓದೋ ವಯಸ್ಸು. ಕಂಪನಿಗಳ ಕಣ್ಣು ಯಾರ ಮೇಲಿದೆ ಅಂತ ಬಿಡಿಸಿ ಹೇಳಬೇಕಿಲ್ಲ.

ಹಾಗಾದ್ರೆ ಬ್ಯಾನ್ ಮಾಡಿದರೆ ಆಯ್ತಲ್ಲ ಅನ್ನೋರಿದ್ದಾರೆ. ಬೆಂಗಳೂರಿನ ಆರ್‌ವಿ ವಿಶ್ವವಿದ್ಯಾಲಯ 2023ರ ಜನವರಿಯಲ್ಲೇ ಕ್ಯಾಂಪಸ್‌ನಲ್ಲಿ ಚಾಟ್‌ಜಿಪಿಟಿ ಬಳಕೆ ನಿಷೇಧಿಸಿತ್ತು. ಅಲ್ಲಿ ಕಾಲೇಜಿನ ವೈಫೈ ಇದೆ, ಬಂದ್ ಮಾಡಬಹುದು. ಇಲ್ಲಿ ಬೀರೂರಿಂದ ಕಡೂರಿಗೆ ಬಸ್ಸಲ್ಲಿ ನಿಂತುಕೊಂಡೇ ಸ್ವಂತ ಡೇಟಾದಲ್ಲಿ ಪ್ರಬಂಧ ರೆಡಿ ಮಾಡ್ಕೊಳ್ಳೋ ಹುಡುಗನನ್ನ ಯಾವ ವೈಫೈ ತಡೆಯುತ್ತೆ?

ಎಐ ಹಿಡಿಯೋ ಟೂಲ್‌ಗಳ ಕಥೆ ಇನ್ನೂ ಕಷ್ಟ. ಚಾಟ್‌ಜಿಪಿಟಿ ಮಾಡಿದ ಓಪನ್‌ಎಐ ಕಂಪನಿಯೇ 2023ರ ಜನವರಿಯಲ್ಲಿ ಇಂಥದ್ದೊಂದು ಟೂಲ್ ಬಿಟ್ಟು, ಸರಿಯಾಗಿ ಹಿಡಿಯುತ್ತಿಲ್ಲ ಅಂತ ಜುಲೈನಲ್ಲಿ ವಾಪಸ್ ತಗೊಂಡಿತು. ಇಂಗ್ಲಿಷ್ ಬಿಟ್ಟು ಬೇರೆ ಭಾಷೆಯಲ್ಲಿ ಅದು ಇನ್ನೂ ಕಳಪೆ ಅಂತ ಕಂಪನಿಯೇ ಹೇಳಿತ್ತು. ಅದೇ ವರ್ಷ ಅಮೆರಿಕದ ಸ್ಟ್ಯಾನ್‌ಫರ್ಡ್ ಸಂಶೋಧಕರು ಇಂಥ ಏಳು ಟೂಲ್‌ಗಳನ್ನ ಪರೀಕ್ಷೆ ಮಾಡಿದರು. ಇಂಗ್ಲಿಷ್ ಮಾತೃಭಾಷೆಯಲ್ಲದವರು ಸ್ವಂತ ಬರೆದ ಪ್ರಬಂಧಗಳಲ್ಲಿ ಅರ್ಧಕ್ಕಿಂತ ಹೆಚ್ಚನ್ನ ಆ ಟೂಲ್‌ಗಳು ಮಷಿನ್ ಬರೆದದ್ದು ಅಂದಿದ್ದವು. ಕನ್ನಡ ಮೀಡಿಯಂನಲ್ಲಿ ಓದಿ, ಡಿಕ್ಷನರಿ ಹಿಡಿದು ನಾಲ್ಕು ಸಾಲು ಇಂಗ್ಲಿಷ್ ಬರೆಯೋ ನಮ್ಮ ತಾಲೂಕಿನ ಹುಡುಗಿಯೂ ಅದೇ ಸಾಲಿಗೆ ಸೇರ್ತಾಳೆ. ಕಷ್ಟಪಟ್ಟು ಬರೆದದ್ದಕ್ಕೇ ಕಳ್ಳತನದ ಹಣೆಪಟ್ಟಿ ಬೀಳಬಹುದು.

ಹರಿಯಾಣದ ಒ.ಪಿ. ಜಿಂದಾಲ್ ವಿವಿಯಲ್ಲಿ ಎಐ ಉತ್ತರ ಅಂತ ಫೇಲ್ ಆದ ಕಾನೂನು ವಿದ್ಯಾರ್ಥಿಯೊಬ್ಬರು 2024ರಲ್ಲಿ ಪಂಜಾಬ್ ಮತ್ತು ಹರಿಯಾಣ ಹೈಕೋರ್ಟ್‌ಗೇ ಹೋದರು. ಆಮೇಲೆ ವಿವಿ ಪಾಸ್ ಮಾಡಿತು, ಕೇಸ್ ಅಲ್ಲಿಗೆ ಮುಗಿಯಿತು. ಅವರು ವಕೀಲಿಕೆ ಗೊತ್ತಿದ್ದವರು. ಅಜ್ಜಂಪುರದ ಬಿಎ ಹುಡುಗ ಯಾವ ಕೋರ್ಟಿಗೆ ಹೋಗ್ತಾನೆ?

ರೂಲ್ ಬುಕ್ ನೋಡೋಣ ಅಂದ್ರೆ, ಯುಜಿಸಿಯ ಕೃತಿಚೌರ್ಯ ತಡೆ ನಿಯಮ ಬಂದದ್ದು 2018ರಲ್ಲಿ. 10 ಪರ್ಸೆಂಟ್‌ವರೆಗೆ ಹೋಲಿಕೆ ಇದ್ದರೆ ದಂಡ ಇಲ್ಲ ಅನ್ನುತ್ತೆ. ಆಗ ಚಾಟ್‌ಜಿಪಿಟಿ ಹುಟ್ಟಿರಲೇ ಇಲ್ಲ. ಎಐ ಬರೆದದ್ದು ಯಾರದೋ ಪುಸ್ತಕದ ಕಾಪಿಯೂ ಆಗಿರಲ್ಲ, ಹಾಗಾಗಿ ಹೋಲಿಕೆ ಲೆಕ್ಕಕ್ಕೆ ಸಿಗಲ್ಲ.

ಉಳಿಯೋ ಪ್ರಶ್ನೆ ಒಂದೇ. ಸ್ವಲ್ಪ ಸಹಾಯ ಅಂದ್ರೆ ಎಷ್ಟು?

ಒಂದು ಉದಾಹರಣೆ ಇಟ್ಟುಕೊಳ್ಳಿ. ಅಜ್ಜಂಪುರ ಕಡೆಯ ವಿದ್ಯಾರ್ಥಿಗೆ ಈರುಳ್ಳಿ ಬೆಳೆಗಾರರ ಬಗ್ಗೆ ಪ್ರಬಂಧ ಬರೆಯೋಕೆ ಹೇಳಿದ್ದಾರೆ. ಮನೆಯಲ್ಲೇ ಈರುಳ್ಳಿ ಇದೆ. ಒಂದೂವರೆ ಪುಟ ಬರೆದ: ಕಿತ್ತ ಮೇಲೆ ಮಳೆ ಹಿಡಿದದ್ದು, ಅರ್ಧ ಕೊಳೆತದ್ದು, ಲೋಡ್ ಯಶವಂತಪುರ ಮಾರ್ಕೆಟ್‌ಗೆ ಹೋಗಿದ್ದು, ಅಪ್ಪ ಬರಿಗೈಲಿ ಬಂದದ್ದು. ಅಲ್ಲಿಗೆ ನಿಂತಿತು. ಹೇಗೆ ಮುಗಿಸೋದು ಗೊತ್ತಾಗಲಿಲ್ಲ.

ಈಗ ‘ಇದನ್ನ ಚೆನ್ನಾಗಿ ಮಾಡಿ ಮುಗಿಸಿಕೊಡು’ ಅಂದರೆ ಮಷಿನ್ ಮುಗಿಸಿಕೊಡುತ್ತೆ. ರೈತ ದೇಶದ ಬೆನ್ನೆಲುಬು ಆಗ್ತಾನೆ, ಸರ್ಕಾರ ಸೂಕ್ತ ಕ್ರಮ ಕೈಗೊಳ್ಳಬೇಕಾಗುತ್ತೆ. ‘ಈರುಳ್ಳಿ ಕೊಳೆತೋಯ್ತು’ ಅಂತ ಇದ್ದದ್ದು ‘ಕೊಳೆತುಹೋಯಿತು’ ಆದರೆ ತಕರಾರಿಲ್ಲ, ಅದು ತಿದ್ದುಪಡಿ. ಆದರೆ ಅದು ‘ಬೆಳೆಯು ವಿನಾಶದ ಅಂಚನ್ನು ತಲುಪಿತು’ ಆಗಿಬಿಡುತ್ತೆ. ಅಪ್ಪ ಪ್ರಬಂಧದಿಂದಲೇ ಮಾಯ.

ಅದೇ ಹುಡುಗ ‘ನೀನು ಬರೀಬೇಡ, ಓದೋರಿಗೆ ಎಲ್ಲಿ ಅರ್ಥ ಆಗಲ್ಲ ಅಷ್ಟು ಕೇಳು’ ಅಂದರೆ ಬೇರೆ ಥರದ ಉತ್ತರ ಬರುತ್ತೆ. ಚೀಲಕ್ಕೆ ಎಷ್ಟು ಸಿಕ್ಕಿತು? ಲಾರಿ ಬಾಡಿಗೆ, ಹಮಾಲಿ ಎಷ್ಟು ಹೋಯ್ತು? ಕೊಳೆಯದ ಹಾಗೆ ಇಡೋಕೆ ಜಾಗ ಇತ್ತಾ? ಇದಕ್ಕೆ ಉತ್ತರ ಮೊಬೈಲ್‌ನಲ್ಲಿಲ್ಲ, ಅಪ್ಪನ ಜೇಬಿನಲ್ಲಿರೋ ಮಂಡಿ ಚೀಟಿಯಲ್ಲಿದೆ. ಚೀಟಿ ತೆಗೆದು ಲೆಕ್ಕ ಹಾಕಿದರೆ ಪ್ರಬಂಧದ ಕೊನೆ ಪ್ಯಾರಾ ತಾನಾಗೇ ಸಿಗುತ್ತೆ. ಬರೆದದ್ದು ಅವನೇ. ಎಐ ಅಷ್ಟರ ಮಟ್ಟಿಗೆ ಪಕ್ಕದ ಬೆಂಚಿನ ಗೆಳೆಯನ ಕೆಲಸ ಮಾಡಿತು, ಅಷ್ಟೇ. ಪಟ್ಟಣದ ಮಕ್ಕಳಿಗೆ ಈ ಕೆಲಸಕ್ಕೆ ಟ್ಯೂಷನ್ ಇದೆ, ಓದಿದ ಅಪ್ಪ ಅಮ್ಮ ಇದ್ದಾರೆ. ಹಳ್ಳಿ ಮಕ್ಕಳಿಗೆ ಇದನ್ನೂ ಬೇಡ ಅನ್ನೋದು ನ್ಯಾಯ ಅಲ್ಲ.

ಇಸವಿ, ಹೆಸರು ಮಾತ್ರ ಮಷಿನ್ ಹೇಳಿದ್ದನ್ನ ಹಾಗೇ ಇಳಿಸಬಾರದು. ತಪ್ಪನ್ನೂ ಅದು ಗಟ್ಟಿ ದನಿಯಲ್ಲೇ ಹೇಳುತ್ತೆ. ತರೀಕೆರೆಯವರು ಅಮೃತಾಪುರದ ದೇವಸ್ಥಾನದ ಬಗ್ಗೆ ಬರೆಯೋದಾದರೆ ಅದು ಇಮ್ಮಡಿ ವೀರಬಲ್ಲಾಳನ ಕಾಲದ್ದು, 1196ರದ್ದು. ಪಠ್ಯದಲ್ಲಿ ‘ಯಶೋಧರ ಚರಿತೆ’ಯ ಕವಿ ಅಂತ ಓದ್ತೀವಲ್ಲ, ಆ ಜನ್ನನ ಪದ್ಯಗಳಿರೋ ದೊಡ್ಡ ಶಾಸನ ಅಲ್ಲೇ ನಿಂತಿದೆ. ತರೀಕೆರೆಯಿಂದ ಹತ್ತಿರ. ಹೋಗಿ ಫೋಟೋ ತಗೊಂಡು ಬಂದರೆ ಯಾವ ಟೂಲ್‌ಗೂ ಹೆದರಬೇಕಿಲ್ಲ.

ಹೊರಗೆ ಕೆಲವರು ದಾರಿ ಮಾಡ್ಕೊಂಡಿದ್ದಾರೆ. ಇಂಟರ್‌ನ್ಯಾಷನಲ್ ಬ್ಯಾಕಲೋರಿಯೇಟ್ 2023ರಲ್ಲೇ, ಬಳಸಿ ಆದರೆ ಬಳಸಿದ್ದನ್ನ ಬರೆದು ತಿಳಿಸಿ, ಮಷಿನ್ ಮಾತನ್ನ ನಿಮ್ಮದು ಅನ್ನಬೇಡಿ ಅಂದಿತು. ಕುವೆಂಪು ವಿವಿ ಕಾಲೇಜುಗಳಲ್ಲೂ ಇದಕ್ಕೆ ದುಡ್ಡು ಬೇಕಿಲ್ಲ. ಅಸೈನ್‌ಮೆಂಟ್ ಜೊತೆ ಕೈಬರಹದ ಮೊದಲ ಕರಡು ಲಗತ್ತಿಸಿ, ಎಐ ಏನು ಮಾಡಿತು ಅಂತ ಎರಡು ಸಾಲು ಬರೆಯಿರಿ ಅಂದರೆ ಸಾಕು. ಡೌಟ್ ಬಂದರೆ ಕರೆದು ಐದು ನಿಮಿಷ ಮಾತಾಡಿಸಿದರೆ ಯಾರು ಬರೆದದ್ದು ಅಂತ ತಿಳಿಯುತ್ತೆ.

ತೊಡಕಿರೋದು ಆ ಐದು ನಿಮಿಷದಲ್ಲೇ. ಒಂದು ಕ್ಲಾಸಿಗೆ 60 ಜನ ಇದ್ದರೆ ಐದು ಗಂಟೆ ಆಯ್ತು. ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿ ಪಾಠದ ದೊಡ್ಡ ಪಾಲು ಹೊತ್ತಿರೋರು ಅತಿಥಿ ಉಪನ್ಯಾಸಕರು. ಆ ಐದು ಗಂಟೆ ಅವರ ಟೈಮ್‌ಟೇಬಲ್‌ನಲ್ಲಿ ಎಲ್ಲೂ ಇಲ್ಲ.