ಬಿಟ್ಟಿ ಗಂಟೆಗಳೂ ಬಿಲ್ಲಿನ ಮೇಲೆ ಬರಲಿ

ಮಾಧಾಪುರ, ಗಚ್ಚಿಬೌಲಿಯ ಕಂಪನಿಗಳಿಗೆ ಮನೆಯಲ್ಲೇ ಕೂತು ಕೆಲಸ ಮಾಡಿಕೊಡುವ ನನ್ನಂಥವರಿಗೆ ಒಂದನೇ ತಾರೀಖಿನ ಸಂಬಳವಿಲ್ಲ. ಬಿಲ್ ಕಳಿಸಬೇಕು, ಕಾಯಬೇಕು. ನಾನು ಬೀದರಿನವಳು, ಹೈದರಾಬಾದಿನ ಕಾಚಿಗುಡದಲ್ಲಿ ಮನೆ. ಮೊಬೈಲ್ ಆ್ಯಪ್‌ಗಳ ಮಾತನ್ನು ಕನ್ನಡಕ್ಕೆ ತರುವುದು, ಬೇರೆಯವರು ತಂದದ್ದನ್ನು ತಿದ್ದುವುದು ನನ್ನ ಕಸುಬು. ಅನುವಾದಕ್ಕೆ ಪದದ ಲೆಕ್ಕ, ತಿದ್ದುವುದಕ್ಕೆ ಗಂಟೆಯ ಲೆಕ್ಕ.

ಗಂಟೆ ಎಣಿಸಲು ಕ್ಲಾಕಿಫೈ, ಟಾಗಲ್, ಹಾರ್ವೆಸ್ಟ್‌ನಂಥ ತಂತ್ರಾಂಶಗಳಿವೆ. ಯಾವುದನ್ನು ತೆರೆದರೂ ಒಳಗಿನ ಕಟ್ಟು ಹೆಚ್ಚುಕಡಿಮೆ ಒಂದೇ: ಮೊದಲು ಗಿರಾಕಿ, ಅವರ ಕೆಳಗೆ ಪ್ರಾಜೆಕ್ಟ್, ಅದರ ಕೆಳಗೆ ಬಿಡಿ ಕೆಲಸ, ಅದಕ್ಕೊಂದು ದರ. ಟೈಮರ್ ಒತ್ತಿ ಕೂತರೆ ನಿಮಿಷಗಳು ಆ ಖಾತೆಗೆ ಬೀಳುತ್ತವೆ. ತಿಂಗಳ ಕೊನೆಗೆ ಬಿಲ್ಲಾಗದ ಗಂಟೆಗಳನ್ನೆಲ್ಲ ಎಳೆದು ಇನ್‌ವಾಯ್ಸ್ ಮಾಡಬಹುದು. ಒಮ್ಮೆ ಬಿಲ್ಲಾದ ಗಂಟೆಗೆ ಗುರುತು ಬೀಳುವುದರಿಂದ ಎರಡನೇ ಸಲ ಲೆಕ್ಕಕ್ಕೆ ಬರುವುದಿಲ್ಲ.

ನನ್ನ ತಕರಾರು ಇರುವುದು ಪ್ರತಿ ಸಾಲಿನ ಪಕ್ಕದ ಇನ್ನೊಂದು ಪುಟ್ಟ ಗುರುತಿನ ಬಗ್ಗೆ. ಅದನ್ನು ಹಚ್ಚಿದರೆ ಆ ಹೊತ್ತಿಗೆ ದುಡ್ಡು, ತೆಗೆದರೆ ಬಿಟ್ಟಿ. ಉದಾಹರಣೆಗೆ, ಒಂದು ಆ್ಯಪ್‌ನಲ್ಲಿ ‘ರದ್ದುಮಾಡಿ’ ಎಂಬ ಗುಂಡಿಯ ಒತ್ತಕ್ಷರ ಪೆಟ್ಟಿಗೆಯ ತಳದಲ್ಲಿ ಕತ್ತರಿಸಿಹೋಗಿತ್ತು. ಪದ ಸರಿಯಾಗಿಯೇ ಇತ್ತು, ಪೆಟ್ಟಿಗೆಯ ಎತ್ತರ ಸಾಲದಾಗಿತ್ತು. ಇದನ್ನು ಕನ್ನಡ ಓದದ ಡೆವಲಪರ್‌ಗೆ ಫೋನಿನಲ್ಲಿ ತಿಳಿಸಿ, ಚಿತ್ರ ಕಳಿಸಿ, ಹೊಸ ಆವೃತ್ತಿ ಬಂದ ಮೇಲೆ ಮತ್ತೆ ನೋಡುವಷ್ಟರಲ್ಲಿ ಮಧ್ಯಾಹ್ನ ಕಳೆಯಿತು. ಇಂಥ ಹೊತ್ತನ್ನು ನಾವು ಸಂಕೋಚಕ್ಕೆ ಬಿಟ್ಟಿ ಕಾಲಮ್ಮಿಗೆ ತಳ್ಳುತ್ತೇವೆ. ಬಿಲ್ಲಿನಲ್ಲಿ ಕಾಣದ ಕೆಲಸ ಗಿರಾಕಿಯ ಕಣ್ಣಿಗೂ ಬೀಳುವುದಿಲ್ಲ; ಮುಂದಿನ ಪ್ರಾಜೆಕ್ಟಿನ ಬಜೆಟ್ಟಿನಲ್ಲಿ ಅದಕ್ಕೆ ಜಾಗವೇ ಇರುವುದಿಲ್ಲ.

ಆದ್ದರಿಂದ ಬಿಟ್ಟಿ ಗಂಟೆಗಳನ್ನೂ ಇನ್‌ವಾಯ್ಸಿನಲ್ಲಿ ಸಾಲುಸಾಲಾಗಿ ಬರೆಯಿರಿ, ಎದುರಿಗೆ ಸೊನ್ನೆ ರೂಪಾಯಿ ಹಾಕಿ. ನಾನು ಹಾಗೆಯೇ ಮಾಡುತ್ತೇನೆ. ಮುಂದಿನ ಸಲ ದರ ಮಾತಾಡುವಾಗ ಆ ಸಾಲುಗಳೇ ನಮ್ಮ ಪರವಾಗಿ ನಿಲ್ಲುತ್ತವೆ.

ಹತ್ತು ನಿಮಿಷಕ್ಕೊಮ್ಮೆ ಪರದೆಯ ಚಿತ್ರ ಹಿಡಿಯುವ ತಂತ್ರಾಂಶಗಳನ್ನು ಮಾತ್ರ ನಾನು ಒಪ್ಪಲಾರೆ. ಒಂದು ಪದಕ್ಕಾಗಿ ನಿಘಂಟು ತಿರುವುತ್ತ, ಅಮ್ಮನಿಗೆ ಫೋನು ಮಾಡಿ ‘ಇದಕ್ಕ ನಮ್ಮ ಕಡೆ ಏನಂತಾರವ್ವಾ’ ಎಂದು ಕೇಳುವ ಹೊತ್ತು ಆ ಚಿತ್ರದಲ್ಲಿ ಸೋಮಾರಿತನವಾಗಿ ಕಾಣುತ್ತದೆ.

ಇನ್ನು ಬಾಕಿ ವಸೂಲಿ. 2006ರ ಎಂಎಸ್‌ಎಂಇ ಕಾಯ್ದೆಯ ಪ್ರಕಾರ ಸಣ್ಣ ಉದ್ಯಮಕ್ಕೆ ಬರಬೇಕಾದ ಹಣವನ್ನು ಲಿಖಿತ ಒಪ್ಪಂದವಿದ್ದರೂ 45 ದಿನದೊಳಗೆ ಕೊಡಬೇಕು. ಒಪ್ಪಂದವಿಲ್ಲದಿದ್ದರೆ 15 ದಿನ. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರುಪಟ್ಟು ಚಕ್ರಬಡ್ಡಿ. 2024ರ ಏಪ್ರಿಲ್‌ನಿಂದ ಜಾರಿಯಾದ ಆದಾಯ ತೆರಿಗೆಯ ತಿದ್ದುಪಡಿಯಿಂದಾಗಿ, ಗಡುವು ಮೀರಿ ಉಳಿಸಿಕೊಂಡ ಬಾಕಿಯನ್ನು ಕಂಪನಿಗಳು ಪಾವತಿಸುವವರೆಗೆ ಖರ್ಚೆಂದು ತೋರಿಸುವಂತಿಲ್ಲ. ಮಾರ್ಚ್ ಹತ್ತಿರ ಬಂದಾಗ ಅಕೌಂಟ್ಸ್ ವಿಭಾಗದವರು ತಾವಾಗಿ ಫೋನು ಮಾಡುವುದು ಇದರಿಂದಲೇ. ಆದರೆ ಈ ರಕ್ಷಣೆಗೆ ಉದ್ಯಮ್ ನೋಂದಣಿ ಬೇಕು. ಅದು ಉಚಿತ, ಆನ್‌ಲೈನಿನಲ್ಲೇ ಆಗುತ್ತದೆ. ಆ ನೋಂದಣಿ ಸಂಖ್ಯೆಯನ್ನು ಪ್ರತಿ ಇನ್‌ವಾಯ್ಸಿನ ತಲೆಯ ಮೇಲೆ, ಪ್ಯಾನ್ ನಂಬರಿನ ಪಕ್ಕದಲ್ಲೇ ಅಚ್ಚಾಗುವಂತೆ ಇಟ್ಟುಕೊಳ್ಳಿ.