ಬೋರಿನ ನೀರೂ ಡೀಸೆಲ್ ಎಂಜಿನ್ನೂ

ಕುಷ್ಟಗಿಯಿಂದ ಇಳಕಲ್ಲಿನತ್ತ ಸಾಗುವ ಹೆದ್ದಾರಿಯಲ್ಲಿ ಏಪ್ರಿಲ್ ತಿಂಗಳಿನ ನಡುಹಗಲು ಪ್ರಯಾಣ ಮಾಡಿದವರಿಗೆ ಒಂದು ನೋಟ ಪರಿಚಿತವಾಗಿರಬೇಕು. ರಸ್ತೆಯ ಅಂಚಿನಲ್ಲಿ ಒಂದು ಲಾರಿ ನಿಂತಿದೆ. ಅದರ ಮುಂಭಾಗ ತೆರೆದಿದೆ. ಒಳಗಿನಿಂದ ಬುಸುಗುಟ್ಟುತ್ತ ಆವಿ ಏಳುತ್ತಿದೆ. ಚಾಲಕನು ಪ್ಲಾಸ್ಟಿಕ್ ಕೊಡ ಹಿಡಿದು ಪಕ್ಕದ ಹೊಲದ ಬೋರಿನ ಕಡೆಗೆ ನಡೆಯುತ್ತಾನೆ. ಹೊಲದ ಒಡೆಯರು ಬೇಡವೆನ್ನುವುದಿಲ್ಲ. ಬಾಯಾರಿದವರಿಗೆ ನೀರು ಕೊಡುವುದು ಆ ಬಯಲುಸೀಮೆಯಲ್ಲಿ ಹಿರಿದಾದ ಪುಣ್ಯ. ಆದರೆ ಇಲ್ಲಿ ಕುಡಿಯುವುದು ಮನುಷ್ಯನಲ್ಲ, ಎಂಜಿನ್ನು. ಅದರ ಪಾಲಿಗೆ ಆ ಕೊಡದ ನೀರು ಮೆಲ್ಲನೆ ಏರುವ ವಿಷವೆಂಬುದೇ ನನ್ನ ವಾದ.

"ರೇಡಿಯೇಟರಿಗೆ ಕೂಲಂಟ್ ಹಾಕುವುದಿಲ್ಲವೆ?" ಎಂದು ಕೇಳಿದರೆ ಬರುವ ಉತ್ತರವೂ ಪರಿಚಿತವೇ: "ಅದೆಲ್ಲಾ ಹಿಮಾ ಬೀಳೋ ದೇಶದಾಗ ಬೇಕ್ರೀ, ನಮ್ಮ ಬಿಸಲಾಗ ನೀರ ಸಾಕು." ಈ ಮಾತಿನಲ್ಲಿ ಅರ್ಧ ಸತ್ಯವುಂಟು. ಕೂಲಂಟಿನ ಮುಖ್ಯ ದ್ರವವಾದ ಎಥಿಲೀನ್ ಗ್ಲೈಕಾಲನ್ನು ಫ್ರೆಂಚ್ ರಸಾಯನಶಾಸ್ತ್ರಜ್ಞ ವುರ್ಟ್ಸ್ ೧೮೫೬ರಲ್ಲಿ ಮೊದಲು ತಯಾರಿಸಿದನು. ೧೯೨೦ರ ದಶಕದಲ್ಲಿ ಅದು ಮೋಟಾರು ವಾಹನಗಳಿಗೆ ಬಂದದ್ದು ಚಳಿನಾಡುಗಳಲ್ಲಿ ನೀರು ಹೆಪ್ಪುಗಟ್ಟಿ ಎಂಜಿನ್ನನ್ನು ಸೀಳದಿರಲೆಂದೇ. ಹೀಗಾಗಿ 'ಆಂಟಿಫ್ರೀಜ್' ಎಂಬ ಹೆಸರೂ ಅದಕ್ಕೆ ಅಂಟಿಕೊಂಡಿತು. ಹೆಸರು ಒಂದು ಗುಣವನ್ನು ಹೇಳಿ ಉಳಿದ ಮೂರನ್ನು ಮುಚ್ಚಿಡುವುದರಿಂದ ಆಗುವ ಅನರ್ಥಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ನನಗೆ ತೋರದು.

ಡೀಸೆಲ್ ಎಂಜಿನ್ನಿನಲ್ಲಿ ಉರಿಯುವ ಇಂಧನದ ಶಕ್ತಿಯಲ್ಲಿ ಸ್ಥೂಲವಾಗಿ ಮೂರನೆಯ ಒಂದು ಪಾಲಷ್ಟೇ ಚಕ್ರವನ್ನು ತಿರುಗಿಸುತ್ತದೆ. ಇನ್ನೊಂದು ಪಾಲು ಹೊಗೆಯ ಜೊತೆ ಹೊರಟುಹೋಗುತ್ತದೆ. ಮಿಕ್ಕ ಪಾಲಿನ ಬಹುಭಾಗವನ್ನು ಸಿಲಿಂಡರಿನ ಸುತ್ತಲೂ ಹರಿಯುವ ದ್ರವವು ಹೊತ್ತು ರೇಡಿಯೇಟರಿಗೆ ತಂದು ಗಾಳಿಗೆ ಒಪ್ಪಿಸಬೇಕು. ೫೦ ಅಶ್ವಶಕ್ತಿಯ ಟ್ರ್ಯಾಕ್ಟರು ಪೂರ್ಣ ಹೊರೆಯಲ್ಲಿ ದುಡಿಯುವಾಗ ಈ ದ್ರವವು ಹೊರುವ ಶಾಖವು, ನಾವು ಬಕೆಟ್ಟಿನಲ್ಲಿಟ್ಟು ಸ್ನಾನದ ನೀರು ಕಾಯಿಸುವ ಒಂದು ಕಿಲೋವಾಟಿನ ಸುರುಳಿಗಳು ಇಪ್ಪತ್ತಕ್ಕೂ ಹೆಚ್ಚು ಒಟ್ಟಿಗೆ ಉರಿದಷ್ಟು. ಸಿಲಿಂಡರಿನೊಳಗಿನ ಅನಿಲದ ಉಷ್ಣತೆಯಾದರೋ ಎರಕದ ಕಬ್ಬಿಣವನ್ನೂ ಕರಗಿಸಬಲ್ಲುದು. ಕೊಪ್ಪಳದ ಹತ್ತಿರ ಬೇವಿನಹಳ್ಳಿಯಲ್ಲಿ ಕಿರ್ಲೋಸ್ಕರ್ ಫೆರಸ್ ಕಾರ್ಖಾನೆಯವರು ಎಂಜಿನ್ನುಗಳ ಸಿಲಿಂಡರ್ ಬ್ಲಾಕು, ಹೆಡ್ಡುಗಳನ್ನು ಎರಕ ಹೊಯ್ಯುತ್ತಾರೆ. ಅಲ್ಲಿ ಕಬ್ಬಿಣವು ನೀರಿನಂತೆ ಹರಿಯುವುದನ್ನು ಕಂಡವರಿಗೆ, ಅದೇ ಕಬ್ಬಿಣದ ಗೋಡೆ ಎಂಜಿನ್ನಾದ ಮೇಲೆ ಕರಗದೆ ನಿಲ್ಲುವುದು ಹಿಂಬದಿಯಲ್ಲಿ ಹರಿಯುವ ಕೆಲವು ಲೀಟರು ದ್ರವದ ಕೃಪೆಯಿಂದ ಎಂಬುದು ಸೋಜಿಗವೆನಿಸದಿರದು.

ಇನ್ನು ಬಿಸಿಲಿನ ಮಾತು. ಸಮುದ್ರಮಟ್ಟದಲ್ಲಿ ನೀರು ೧೦೦ ಡಿಗ್ರಿ ಸೆಂಟಿಗ್ರೇಡಿನಲ್ಲಿ ಕುದಿಯುತ್ತದೆ. ಐನೂರು ಮೀಟರಿಗೂ ಎತ್ತರದಲ್ಲಿರುವ ಕೊಪ್ಪಳದಲ್ಲಿ ಅದಕ್ಕೂ ತುಸು ಮೊದಲೇ. ನೀರು ಮತ್ತು ಗ್ಲೈಕಾಲನ್ನು ಸಮಭಾಗವಾಗಿ ಬೆರೆಸಿದರೆ ಕುದಿಬಿಂದು ಸುಮಾರು ೧೦೭ ಡಿಗ್ರಿಗೆ ಏರುತ್ತದೆ. ರೇಡಿಯೇಟರಿನ ಒತ್ತಡದ ಮುಚ್ಚಳವು ಸರಿಯಾಗಿದ್ದರೆ ಇನ್ನೂ ಇಪ್ಪತ್ತು ಡಿಗ್ರಿ ಮೇಲಕ್ಕೆ ಹೋಗುತ್ತದೆ. ಹೊರಗಿನ ಗಾಳಿಯೇ ೪೦ ಡಿಗ್ರಿಯಲ್ಲಿ ಬೀಸುವ ಸೀಮೆಯಲ್ಲಿ ಈ ಏಳು ಡಿಗ್ರಿಗಳಿಗೆ ಬೆಲೆಯಿಲ್ಲವೆನ್ನಬಹುದೆ? ಹಾಗೆಂದು ಗ್ಲೈಕಾಲನ್ನೇ ಸುರಿದುಬಿಡುವುದೂ ತಪ್ಪು. ಶಾಖ ಹೊರುವುದರಲ್ಲಿ ನೀರಿಗೆ ಸಮನಾದ ದ್ರವ ವಿರಳ. ಗ್ಲೈಕಾಲು ಹೆಚ್ಚಿದಷ್ಟೂ ಆ ಶಕ್ತಿ ಕುಗ್ಗುತ್ತದೆ. ಅಪ್ಪಟ ಗ್ಲೈಕಾಲು ಶೂನ್ಯಕ್ಕಿಂತ ೧೩ ಡಿಗ್ರಿ ಕೆಳಗೇ ಹೆಪ್ಪುಗಟ್ಟುತ್ತದೆ. ಸಮಭಾಗದ ಮಿಶ್ರಣವಾದರೋ ೩೭ ಡಿಗ್ರಿ ಕೆಳಗಿನವರೆಗೂ ದ್ರವವಾಗಿಯೇ ಇರುತ್ತದೆ. ಎಂಜಿನ್ನಿನ ತಯಾರಕರು ಹೇಳಿದ ಅಳತೆಯೇ ಸರಿ.

ಆದರೂ ಕುದಿಬಿಂದು ನನ್ನ ಮುಖ್ಯ ವಾದವಲ್ಲ. ನೀರಿನ ಗುಣವೇ ಮುಖ್ಯ. ಕುಷ್ಟಗಿ, ಯಲಬುರ್ಗಾ ತಾಲ್ಲೂಕುಗಳ ಅಂತರ್ಜಲದಲ್ಲಿ ಫ್ಲೋರೈಡು ಹೆಚ್ಚೆಂಬುದು ಎಲ್ಲರೂ ಬಲ್ಲ ವಿಷಯ. ಹಲ್ಲಿನ ಮೇಲಿನ ಕಂದು ಕಲೆಗಳು ಅದನ್ನು ಸಾರುತ್ತಲೇ ಇವೆ. ಫ್ಲೋರೈಡು ಮನುಷ್ಯನ ಹಲ್ಲು ಮೂಳೆಗಳ ಶತ್ರು. ಎಂಜಿನ್ನಿನ ಶತ್ರುಗಳು ಅದರ ಜೊತೆಗೇ ಬರುವ ಬೇರೆ ಲವಣಗಳು. ಗಡಸುನೀರಿನಲ್ಲಿ ಕರಗಿರುವ ಕ್ಯಾಲ್ಸಿಯಮ್ ಬೈಕಾರ್ಬೊನೇಟು ಕಾಯಿಸಿದೊಡನೆ ಒಡೆದು, ಕರಗದ ಕಾರ್ಬೊನೇಟಾಗಿ ಬಿಸಿಯಾದ ಗೋಡೆಗೇ ಕಚ್ಚಿಕೊಳ್ಳುತ್ತದೆ ಎಂದು ಪ್ರೌಢಶಾಲೆಯ ಪುಸ್ತಕದಲ್ಲಿ ಓದಿದ್ದೀರಿ. ಬಚ್ಚಲ ಹಂಡೆಯ ಒಳಮೈಯನ್ನು ಕೈಯಿಂದ ಸವರಿ ನೋಡಿರಿ. ಪುಸ್ತಕದ ಸಮೀಕರಣವು ಅಲ್ಲಿ ಬೆರಳಿಗೆ ತಾಗುತ್ತದೆ. ಈ ಸುಣ್ಣದ ಪದರವು ಕಬ್ಬಿಣಕ್ಕಿಂತ ಹತ್ತಾರು ಪಟ್ಟು ಕಡಿಮೆ ಶಾಖವನ್ನು ದಾಟಿಸುತ್ತದೆ. ಅದು ಎಂಜಿನ್ನಿಗೆ ಕಂಬಳಿ ಹೊದಿಸಿದಂತೆ.

ಒಂದು ಲೆಕ್ಕ ಹಾಕೋಣ. ಕುಡಿಯುವ ನೀರಿನಲ್ಲಿ ಗಡಸುತನವು ಲೀಟರಿಗೆ ೨೦೦ ಮಿಲಿಗ್ರಾಮು ಮೀರಬಾರದೆಂದೂ, ಬೇರೆ ನೀರೇ ಇಲ್ಲದಿದ್ದಲ್ಲಿ ೬೦೦ರವರೆಗೆ ಇರಬಹುದೆಂದೂ ಭಾರತೀಯ ಮಾನಕವು ಹೇಳುತ್ತದೆ. ೬೦೦ ಎಂದೇ ಇಟ್ಟುಕೊಳ್ಳಿರಿ. ಒಮ್ಮೆ ತುಂಬಿದ ಹತ್ತು ಲೀಟರಿನಲ್ಲಿರುವುದು ೬ ಗ್ರಾಮು ಲವಣ, ಅದರಿಂದ ಹೆದರಬೇಕಾಗಿಲ್ಲ. ಆದರೆ ಪ್ರತಿದಿನ ಒಂದು ಲೀಟರು ಆವಿಯಾಗಿ ಹೋಗಿ, ಒಂದು ಲೀಟರು ಹೊಸದಾಗಿ ಸುರಿಯುವುದಾದರೆ? ನೀರು ಹೋಗುತ್ತದೆ, ಲವಣ ಉಳಿಯುತ್ತದೆ. ವರ್ಷಕ್ಕೆ ಮುನ್ನೂರು ದಿನ ದುಡಿದ ಎಂಜಿನ್ನಿನೊಳಗೆ ೧೮೦ ಗ್ರಾಮು. ಅದರಲ್ಲಿ ಅರ್ಧವೇ ಪದರವಾದರೂ, ಬೆರಳ ತುದಿಯೂ ಹೋಗದ ನೀರಿನ ದಾರಿಗಳಿಗೆ ಅದು ಸಾಲದೆ?

ಇದು ಬರಿಯ ಲೆಕ್ಕವಲ್ಲ. ನಮ್ಮ ಸೋದರಮಾವನವರು ಯಲಬುರ್ಗಾ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಒಕ್ಕಲುತನ ಮಾಡುವವರು. ಕೆಲವು ವರ್ಷಗಳ ಹಿಂದೆ ಮುಂಗಾರು ಬಿದ್ದು ಹೆಸರು ಬಿತ್ತಲು ಹದ ಬಂದಿದ್ದಾಗ ಅವರ ಟ್ರ್ಯಾಕ್ಟರು ಹೊಲದ ನಡುವೆ ಕಾದು ನಿಂತಿತು. ಹೆಡ್ ಗ್ಯಾಸ್ಕೆಟ್ ಸುಟ್ಟಿತ್ತು. ಮೇಸ್ತ್ರಿಯು ಹೆಡ್ಡನ್ನು ಇಳಿಸಿದಾಗ ನಾನೂ ಅಲ್ಲಿದ್ದೆ. ನೀರು ಹರಿಯಬೇಕಾದ ತೂತುಗಳಲ್ಲಿ ಎರಡು ಪೂರ್ತಿ ಮುಚ್ಚಿಹೋಗಿದ್ದವು, ಉಳಿದವು ಅರ್ಧ. ಕೆಂಪು ತುಕ್ಕೂ ಬಿಳಿಯ ಸುಣ್ಣವೂ ಬೆರೆತ ಆ ಹೊಪ್ಪಳಿಕೆಯನ್ನು ಅವನು ಉಳಿಯಿಂದ ಹೊಡೆದು ಬಿಡಿಸಬೇಕಾಯಿತು. ದುರಸ್ತಿಯ ಖರ್ಚು ಹಾಗಿರಲಿ. ಟ್ರ್ಯಾಕ್ಟರು ಮರಳಿ ಹೊಲಕ್ಕೆ ಬರುವಷ್ಟರಲ್ಲಿ ನೆಲ ಒಣಗಿ ಹದ ತಪ್ಪಿತ್ತು. ಆ ವರ್ಷ ಅವರಿಗೆ ಹೆಸರು ಬೆಳೆ ಇಲ್ಲ. ಕೂಲಂಟಿಗೆ ಕೆಲವು ನೂರು ರೂಪಾಯಿ ದುಬಾರಿಯೆಂದು ವಾದಿಸುವವರಿಗೆ ನಾನು ಈ ಕತೆಯನ್ನೇ ಹೇಳುತ್ತೇನೆ.

"ಹಾಗಾದರೆ ಗಂಗಾವತಿಯವರು ಬಚಾವು, ಅವರಿಗೆ ತುಂಗಭದ್ರೆಯ ಕಾಲುವೆಯ ನೀರುಂಟು" ಎಂದು ಯಾರಾದರೂ ಹೇಳಬಹುದು. ಗಡಸುತನವಿಲ್ಲದ ನೀರು ಸುಣ್ಣ ಕಟ್ಟಲಾರದು, ನಿಜ. ಆದರೆ ಬರಿಯ ನೀರು ಎಷ್ಟೇ ಮೆದುವಾಗಿದ್ದರೂ ಕಬ್ಬಿಣಕ್ಕೆ ತುಕ್ಕು ಹಿಡಿಸದೆ ಬಿಡದು. ಹಳ್ಳಿಗಳಲ್ಲಿರುವ ಶುದ್ಧ ಕುಡಿಯುವ ನೀರಿನ ಘಟಕದ ನೀರೂ ಹಾಗೆಯೇ. ಬೋರಿನ ನೀರಿಗಿಂತ ಅದು ಮೇಲು. ಆದರೆ ಅದರಲ್ಲೂ ಒಂದಿಷ್ಟು ಕ್ಲೋರೈಡು ಉಳಿದಿರುತ್ತದೆ. ಬ್ಯಾಟರಿಗೆ ಹಾಕುವ ಲವಣರಹಿತ ನೀರೇ ಕೂಲಂಟನ್ನು ಬೆರೆಸಲು ತಕ್ಕುದು. ಅದೂ ಒಂಟಿಯಾಗಿ ಸಾಲದು.

ಏಕೆಂದರೆ ಡೀಸೆಲ್ ಎಂಜಿನ್ನಿಗೆ ಇನ್ನೊಂದು ವಿಶೇಷ ರೋಗವಿದೆ. ಅನೇಕ ದೊಡ್ಡ ಎಂಜಿನ್ನುಗಳಲ್ಲಿ ಸಿಲಿಂಡರಿನ ಒಳಗೋಡೆಯು ಬೇರೆಯಾಗಿ ಕೂಡಿಸಿದ ಒಂದು ಕೊಳವೆ. ಅದನ್ನು ಲೈನರ್ ಎನ್ನುತ್ತಾರೆ. ಅದರ ಹೊರಮೈಗೆ ನೇರವಾಗಿ ದ್ರವ ತಾಗುತ್ತದೆ. ಪ್ರತಿ ಸ್ಫೋಟಕ್ಕೂ ಪಿಸ್ಟನ್ನು ಲೈನರಿಗೆ ಬಡಿದು, ಲೈನರು ಗಂಟೆಯಂತೆ ಅದುರುತ್ತದೆ. ಗೋಡೆ ಹಿಂದೆ ಸರಿದ ಕ್ಷಣದಲ್ಲಿ ಅದರ ಪಕ್ಕದ ದ್ರವದ ಒತ್ತಡ ಕುಸಿದು ಸೂಕ್ಷ್ಮವಾದ ಆವಿಯ ಗುಳ್ಳೆಗಳೇಳುತ್ತವೆ. ಗೋಡೆ ಮುಂದೆ ಬಂದಾಗ ಅವು ಒಡೆಯುತ್ತವೆ. ಒಂದೊಂದು ಒಡೆತವೂ ಸೂಜಿಯ ಮೊನೆಯಿಂದ ಚುಚ್ಚಿದಂತೆ. ಸಾವಿರಾರು ಗಂಟೆಗಳಲ್ಲಿ ಕೆಲವೇ ಮಿಲಿಮೀಟರು ದಪ್ಪದ ಲೈನರು ತೂತಾಗಿ ನೀರು ಎಣ್ಣೆಗೆ ಇಳಿಯುತ್ತದೆ. ಎಣ್ಣೆ ಹಾಲು ಹೆಚ್ಚಾದ ಚಹದ ಬಣ್ಣಕ್ಕೆ ತಿರುಗುತ್ತದೆ. ಡೀಸೆಲ್ ಎಂಜಿನ್ನಿಗೆಂದೇ ಮಾಡಿದ ಕೂಲಂಟಿನಲ್ಲಿ ನೈಟ್ರೈಟು, ಮಾಲಿಬ್ಡೇಟು ಮೊದಲಾದ ರಕ್ಷಕ ಲವಣಗಳಿದ್ದು, ಅವು ಲೋಹದ ಮೇಲೆ ತೆಳುವಾದ ಪೊರೆ ಕಟ್ಟಿ ಆ ಪೆಟ್ಟನ್ನು ತಡೆಯುತ್ತವೆ. ನೀರು ಎಷ್ಟೇ ಶುದ್ಧವಾಗಿದ್ದರೂ ಈ ಕೆಲಸವನ್ನು ಮಾಡಲಾರದು.

ಈ ಪೊರೆ ಕಟ್ಟುವ ಲವಣಗಳು ಕೆಲಸ ಮಾಡುತ್ತ ಮಾಡುತ್ತ ತೀರಿಹೋಗುತ್ತವೆ. ಗ್ಲೈಕಾಲೂ ನಿಧಾನವಾಗಿ ಆಮ್ಲವಾಗುತ್ತದೆ. ಆದುದರಿಂದಲೇ ಕೂಲಂಟನ್ನು ಬದಲಾಯಿಸಬೇಕು. ಹಳೆಯ ಬಗೆಯದನ್ನು ಎರಡು ವರ್ಷಕ್ಕೊಮ್ಮೆ; ಹೊಸ ಸಾವಯವ ಆಮ್ಲದ ಬಗೆಯದು ಇನ್ನೂ ಹೆಚ್ಚು ಬಾಳುತ್ತದೆ. ಬಣ್ಣವನ್ನು ನಂಬಬೇಡಿರಿ; ಹಸಿರು, ಕೆಂಪು, ನೀಲಿಗಳು ತಯಾರಕರು ತಮ್ಮ ಇಚ್ಛೆಯಂತೆ ಹಾಕಿದ ಬಣ್ಣಗಳೇ ಹೊರತು ಜಾತಿಯ ಗುರುತಲ್ಲ. ಎಂಜಿನ್ನು ಪೂರ್ತಿ ಆರಿದ ಮೇಲೆಯೇ ಮುಚ್ಚಳ ತೆಗೆಯಬೇಕು. ಬಿಸಿಯಾಗಿರುವಾಗ ತೆಗೆದು ಮುಖ ಬೇಯಿಸಿಕೊಂಡವರು ಪ್ರತಿ ಊರಿನಲ್ಲೂ ಒಬ್ಬರಿರುತ್ತಾರೆ. ರೇಡಿಯೇಟರಿನ ತಳದ ತಿರುಪನ್ನಷ್ಟೇ ಬಿಚ್ಚಿ ಕೈತೊಳೆದುಕೊಳ್ಳುವುದು ನಮ್ಮಲ್ಲಿ ರೂಢಿ. ಬ್ಲಾಕಿನ ತಿರುಪನ್ನೂ ಬಿಚ್ಚದಿದ್ದರೆ ಹಳೆಯದರಲ್ಲಿ ಒಂದು ಪಾಲು ಒಳಗೇ ನಿಲ್ಲುತ್ತದೆ. ವಸತಿಯ ಸೌಕರ್ಯವುಳ್ಳ ದೊಡ್ಡ ಡೀಸೆಲ್ ವಾಹನಗಳಲ್ಲಿ ಹಿಂಭಾಗವನ್ನು ಬೆಚ್ಚಗಿಡಲು ಉದ್ದವಾದ ಕೊಳವೆಗಳಿದ್ದರಂತೂ ಅವುಗಳ ಕವಾಟಗಳನ್ನು ತೆರೆಯದೆ ಮಾಡಿದ ಬದಲಾವಣೆ ಬದಲಾವಣೆಯೇ ಅಲ್ಲ. ಶುದ್ಧ ನೀರಿನಿಂದ ತೊಳೆದು, ಹೊಸದನ್ನು ಗಾಳಿ ಸಿಕ್ಕಿಕೊಳ್ಳದಂತೆ ನಿಧಾನವಾಗಿ ತುಂಬಿ, ಥರ್ಮೋಸ್ಟಾಟ್ ತೆರೆಯುವವರೆಗೆ ಎಂಜಿನ್ನನ್ನು ಓಡಿಸಬೇಕು. ಆರಿದ ಮೇಲೆ ಮಟ್ಟ ನೋಡಿ ಮತ್ತೆ ತುಂಬಬೇಕು.

ಗಂಗಾವತಿಯ ಭತ್ತದ ಸುಗ್ಗಿಯಲ್ಲಿ ಹಗಲಿರುಳು ದುಡಿಯುವ ಕೊಯ್ಲು ಯಂತ್ರಗಳ ವಿಷಯವಾಗಿ ಒಂದು ಮಾತು. ಅವುಗಳ ರೇಡಿಯೇಟರಿಗೆ ಹೊರಗಿನಿಂದ ಹೊಟ್ಟು, ಧೂಳು ಮೆತ್ತಿ ಗಾಳಿಯೇ ನುಗ್ಗದಂತಾಗುತ್ತದೆ. ಒಳಗೆ ಎಂಥ ಉತ್ತಮ ಕೂಲಂಟಿದ್ದರೂ ಹೊರಗಿನ ಹೊಟ್ಟನ್ನು ಕೊಡವದಿದ್ದರೆ ಪ್ರಯೋಜನವಿಲ್ಲ.

ಈಗ ಕೂಲಂಟಿನ ವಿರುದ್ಧ ಹೇಳಬೇಕಾದುದನ್ನೂ ಹೇಳಬೇಕು. ಅದನ್ನು ಮುಚ್ಚಿಟ್ಟು ವಾದಿಸುವುದು ಪ್ರಾಮಾಣಿಕತೆಯಲ್ಲ. ಎಥಿಲೀನ್ ಗ್ಲೈಕಾಲು ಸಿಹಿಯಾದ ವಿಷ. ದೇಹದೊಳಗೆ ಅದು ಆಕ್ಸಾಲಿಕ್ ಆಮ್ಲವಾಗಿ, ಕ್ಯಾಲ್ಸಿಯಮಿನೊಡನೆ ಕೂಡಿ ಹರಳುಗಟ್ಟಿ ಮೂತ್ರಪಿಂಡಗಳನ್ನು ಕೆಡಿಸುತ್ತದೆ. ವಯಸ್ಕ ಮನುಷ್ಯನ ಪ್ರಾಣಕ್ಕೆ ಸುಮಾರು ನೂರು ಮಿಲಿಲೀಟರೇ ಸಾಕಾಗಬಹುದು. ನಾಯಿಗೆ, ಕರುವಿಗೆ, ಮಗುವಿಗೆ ಇನ್ನೂ ಕಡಿಮೆ. ನಮ್ಮ ದುರಸ್ತಿಯ ಅಂಗಡಿಗಳಲ್ಲಿ ಹಳೆಯ ಎಣ್ಣೆಗೆ ಕೊಳ್ಳುವವರುಂಟು. ಆದುದರಿಂದ ಅದನ್ನು ಜೋಪಾನವಾಗಿ ಡ್ರಮ್ಮಿಗೆ ತುಂಬುತ್ತಾರೆ. ಹಳೆಯ ಕೂಲಂಟನ್ನು ಕೇಳುವವರಿಲ್ಲ. ಆದುದರಿಂದ ಅದು ಚರಂಡಿಗೆ, ಗುಂಡಿಗೆ, ಕೆಲವೊಮ್ಮೆ ದನ ನೀರು ಕುಡಿಯುವ ಕಾಲುವೆಯ ಬದಿಗೆ ಹರಿಯುತ್ತದೆ. ಕೂಲಂಟ್ ಹಾಕಿರೆಂದು ಊರೂರಿಗೆ ಉಪದೇಶಿಸುವ ನಾನು, ಅದನ್ನು ಚೆಲ್ಲುವ ಪಾಪದಲ್ಲಿ ಪಾಲುಗಾರನಾಗಬಾರದಷ್ಟೆ.

ಕೊಪ್ಪಳವು ಜಿಲ್ಲೆಯಾದದ್ದು ೧೯೯೭ರಲ್ಲಿ. ಇಂದು ಅದರ ಕಾಲೇಜುಗಳಲ್ಲಿ ರಸಾಯನಶಾಸ್ತ್ರ ಓದುವ ವಿದ್ಯಾರ್ಥಿಗಳಿಗೆ ಕೊರತೆಯಿಲ್ಲ. ನೀರಿನ ಗಡಸುತನವನ್ನು ಸಾಬೂನಿನ ದ್ರಾವಣದಿಂದ ಅಳೆಯುವುದು ಪ್ರೌಢಶಾಲೆಯ ಹುಡುಗನಿಗೂ ಸಾಧ್ಯ. ಈಡಿಟಿಏ ದ್ರಾವಣದಿಂದ ಕಾಲೇಜಿನ ವಿದ್ಯಾರ್ಥಿಯು ಇನ್ನೂ ನಿಖರವಾಗಿ ಅಳೆಯಬಲ್ಲನು. ಪ್ರಯೋಗಾಲಯದಲ್ಲಿ ಗುರುಗಳೇ ಲವಣ ಬೆರೆಸಿಕೊಟ್ಟ ಸೀಸೆಯ ನೀರನ್ನು ವರ್ಷವರ್ಷವೂ ಅಳೆಯುವ ಬದಲು, ತಮ್ಮ ಊರಿನ ಬೋರಿನದನ್ನೇ ತಂದು ಅಳೆದು, ಆ ಅಂಕಿಯನ್ನು ಹತ್ತಿರದ ಮೇಸ್ತ್ರಿಯ ಅಂಗಡಿಯ ಗೋಡೆಯ ಮೇಲೆ ಬರೆದು ಬರಬಾರದೇಕೆ? ಅಲ್ಲಿಗೆ ಬರುವ ರೈತರು ಅದನ್ನು ಓದುವರು, ಅರ್ಥ ಕೇಳುವರು. ಹಳೆಯ ಕೂಲಂಟನ್ನು ಒಂದೆಡೆ ಕೂಡಿಸಿ ಸಾಗಿಸುವ ಏರ್ಪಾಡಾದರೋ ವಿದ್ಯಾರ್ಥಿಗಳ ಕೈಯಲ್ಲಿಲ್ಲ. ಅದನ್ನು ಪುರಸಭೆ, ನಗರಸಭೆಗಳೂ ಕೂಲಂಟ್ ಮಾರುವವರೂ ಸೇರಿ ಮಾಡಬೇಕಾದುದು.

ಸೋದರಮಾವನವರ ಟ್ರ್ಯಾಕ್ಟರಿನಲ್ಲಿ ಈಗ ಕೂಲಂಟಿದೆ. ಬದಲಾಯಿಸಿದ ತಾರೀಖನ್ನು ಅವರ ಮಗಳು ಚೀಟಿಯಲ್ಲಿ ಬರೆದು ರೇಡಿಯೇಟರಿನ ಪಕ್ಕದಲ್ಲಿ ಅಂಟಿಸಿದ್ದಾಳೆ. ಹಿಂದಿನ ಸಲ ತೆಗೆದ ಹಳೆಯ ದ್ರವವು ಬಿಗಿಯಾದ ಮುಚ್ಚಳದ ಡಬ್ಬಿಯಲ್ಲಿ, ಮಕ್ಕಳ ಕೈಗೂ ದನಗಳ ಬಾಯಿಗೂ ಎಟುಕದಂತೆ, ಕೊಟ್ಟಿಗೆಯ ಅಟ್ಟದ ಮೇಲೆ ಕುಳಿತಿದೆ. ಅದನ್ನು ಎಲ್ಲಿಗೆ ಕಳುಹಿಸಬೇಕೆಂದು ಅವರು ನನ್ನನ್ನು ಎರಡು ಸಲ ಕೇಳಿದರು.